ಕಂಬಳಿ ಮೇಲೆ ನಿಂತ ಪಾಪಾಸುಕಳ್ಳಿ

ಆಗಿನ್ನೂ ಲೋಕ ಹೊಸದು. ಎಷ್ಟು ಹೊಸದು ಅಂದ್ರೆ, ಬೆಟ್ಟಗಳೆಲ್ಲ ಈಗಷ್ಟೇ ಕಾವಲಿಯಿಂದ ಇಳಿಸಿದ ರೊಟ್ಟಿ ಥರ ಬಿಸಿಬಿಸಿ! ಸಮುದ್ರ ಇನ್ನೂ ಮೊಣಕಾಲುದ್ದ. ಗಾಳಿಗೆ ಯಾವ ಕಡೆ ಬೀಸಬೇಕು ಅಂತಾನೇ ಗೊತ್ತಿಲ್ಲ, ಬೆಳಿಗ್ಗೆ ಈ ಕಡೆ, ಮಧ್ಯಾಹ್ನ ಆ ಕಡೆ. ನಾಯಿ ಇದೆಯಲ್ಲ, ಅದು ಮನುಷ್ಯರ ಜೊತೆ ಇರ್ಲಾ, ತೋಳದ ಜೊತೆ ಇರ್ಲಾ ಅಂತ ಎಲ್ಲೋ ಒಂದು ಬಂಡೆ ನೆರಳಲ್ಲಿ ಕೂತು ಯೋಚನೆ ಮಾಡ್ತಾನೇ ಇತ್ತು.

ಭೂಮ್ತಾಯಿ ಎಲ್ಲಾ ಗಿಡಮರಕ್ಕೂ ಒಂದೊಂದು ಜಾಗ ತೋರಿಸಿ, "ಇಲ್ಲಿ ನಿಂತ್ಕೋ" ಅಂದಿದ್ದಳು. ಬೇವು ನಿಂತ್ಕೊಂಡಿತು. ಹುಣಸೆ ನಿಂತ್ಕೊಂಡಿತು. ಹುಲ್ಲು, ಪಾಪ ಅಷ್ಟು ಪುಟ್ಟದು, ಅದೂ ನಿಂತ್ಕೊಂಡಿತು. ನಿಲ್ಲದೇ ಇದ್ದವಳು ಒಬ್ಬಳೇ ಒಬ್ಬಳು.

ಪಾಪಾಸುಕಳ್ಳಿ!

ಅವಳಿಗೆ ಆಗ ಮುಳ್ಳು ಇರಲಿಲ್ಲ. ಒಂದೂ ಇರಲಿಲ್ಲ, ನಿಜವಾಗ್ಲೂ! ದಪ್ಪ ದಪ್ಪ ಎಲೆ, ಮಗು ಕೆನ್ನೆ ಥರ ನುಣುಪು, ಒಂದರ ಮೇಲೊಂದು, ಒಂದರ ಪಕ್ಕ ಒಂದು, ಒಟ್ಟು ನಲವತ್ತು ಎಲೆ. ಕೆಳಗಿನ ಎಲೆಗಳೇ ಅವಳ ಕಾಲು. ಪಟ್ ಪಟ್ ಪಟ್ ಅಂತ ನಡೀತಾ ಇರೋದು, ನಡೀತಾ ಇರೋದು, ನಡೀತಾನೇ ಇರೋದು. ಹುಟ್ಟಿದ್ದು ಸಮುದ್ರದ ಆಚೆ ದಡದಲ್ಲಿ, ಎಲ್ಲೋ ಮರಳು, ಕಲ್ಲು, ಬಿಸಿಲು ಬಿಟ್ರೆ ಏನೂ ಇಲ್ಲದ ನಾಡಲ್ಲಿ. ಅಲ್ಲಿಂದ ಹೊರಟು, ಮೊಣಕಾಲುದ್ದದ ಸಮುದ್ರ ದಾಟಿ, ಈ ಕಡೆ ಬಂದು, ಇನ್ನೂ ನಡೀತಾನೇ ಇದ್ದಳು.

ದಾರೀಲಿ ಒಂದು ಬೇವಿನ ಮರ ಕೂಗಿತು. "ಏ ಮಗಳೇ, ಒಂದು ಗಳಿಗೆ ನಿಲ್ಲೇ! ನಿನ್ನ ನೋಡ್ತಾ ನೋಡ್ತಾ ನನಗೇ ತಲೆ ತಿರುಗ್ತಿದೆ."

"ಆಗಲ್ಲ ಅಜ್ಜಾ! ನಿಂತ್ರೆ ತಿಂತಾರೆ!"

"ಯಾರು ತಿಂತಾರೆ?"

"ಯಾರು ತಿನ್ನಲ್ಲ ಕೇಳು!" ಕಳ್ಳಿ ಓಡ್ತಾ ಓಡ್ತಾನೇ ಒಂದೊಂದು ಎಲೆ ತಿರುಗಿಸಿ ತೋರಿಸಿದಳು. "ಇದು ಆಮೆ ಕಚ್ಚಿದ್ದು. ಇದು ಎತ್ತು. ಇದು ಮೇಕೆ, ಇದೂ ಮೇಕೆ, ಅದೂ ಮೇಕೆ. ನನ್ನ ಮೈ ತುಂಬಾ ನೀರಲ್ವಾ ಅಜ್ಜಾ, ಬಾಯಾರಿದವರಿಗೆಲ್ಲ ನಾನೇ ಕಾಣ್ತೀನಿ. ನಿನಗೇನು, ನೀನು ಕಹಿ!"

ಬೇವಿನಜ್ಜನಿಗೆ ಸ್ವಲ್ಪ ಬೇಜಾರಾಯ್ತು. ಆದ್ರೆ ಏನಾದ್ರೂ ಹೇಳೋಷ್ಟರಲ್ಲಿ ಕಳ್ಳಿ ಪಟ್ ಪಟ್ ಪಟ್ ಅಂತ ಮುಂದಿನ ಗುಡ್ಡ ಹತ್ತಿ ಇಳಿದೂ ಆಗಿತ್ತು.

ನಿಂತ್ರೆ ತಿಂತಾರೆ. ನಿಂತ್ರೆ ತಿಂತಾರೆ. ಅದೊಂದೇ ಮಾತು ಅವಳ ತಲೇಲಿ. ಮಲಗೋವಾಗ್ಲೂ ಒಂದು ಎಲೆ ನಡೀತಾ ಇರೋದು!

ಹೀಗೆ ನಡೀತಾ ನಡೀತಾ ಒಂದು ದಿನ ಕಳ್ಳಿ ಬರೀ ಬಂಡೆಗಳ ಬಯಲಿಗೆ ಬಂದಳು. ಮರ ಇಲ್ಲ, ಪೊದೆ ಇಲ್ಲ, ಮುಳ್ಳುಕಂಟಿ ಇಲ್ಲ. ಮಟಮಟ ಮಧ್ಯಾಹ್ನ. ಬಂಡೆ ಕಾದು ಕಾದು, ಕಾಲಿಟ್ರೆ ಚುರ್ ಅನ್ನೋದು. ಅಯ್ಯಯ್ಯೋ ಅಂತ ಕುಣೀತಾ ಕುಣೀತಾ ಹೋಗ್ತಾ ಇರೋವಾಗ, ಅಲ್ಲೊಂದು ಕಪ್ಪು ಕಂಬಳಿ ಹಾಸಿದ್ದು ಕಾಣಿಸ್ತು. ಕಳ್ಳಿ ಹಿಂದೆ ಮುಂದೆ ನೋಡಲಿಲ್ಲ. ಜಿಗಿದು ಕಂಬಳಿ ಮೇಲೆ ನಿಂತುಬಿಟ್ಟಳು.

"ಅಬ್ಬಾ! ತಣ್ಣಗಿದೆ!"

"ಬಾ ತಂಗಿ, ಬಾ," ಅಂತು ಒಂದು ದನಿ. "ನಿನ್ನೆಯಿಂದ ಹಾಸಿಟ್ಟಿದ್ದೆ. ಯಾರಾದ್ರೂ ಬರಲಿ ಅಂತ ಕಾಯ್ತಾ ಇದ್ದೆ ಕಣವ್ವಾ."

ಅವಳು ಮಾಳವ್ವ, ಕುರಿ ಕಾಯೋಳು. ಅವಳ ಗಂಡ ಕೆಂಚಪ್ಪ ಬೆಳಿಗ್ಗೇನೇ ಎಪ್ಪತ್ತು ಕುರಿ ಹೊಡ್ಕೊಂಡು ಹೊಳೆ ಆಚೆ ಮೇಯಿಸೋಕೆ ಹೋಗಿದ್ದ. ಇಲ್ಲಿ ಮಾಳವ್ವನ ಹತ್ರ ಉಳಿದಿದ್ದು ಮರಿಗಳು. ಹುಟ್ಟಿ ನಾಲ್ಕೈದು ದಿನ ಆಗಿತ್ತಷ್ಟೆ, ಅಷ್ಟು ದೂರ ನಡೆಯೋಕೆ ಅವಕ್ಕೆ ಕಾಲೇ ಬಂದಿರಲಿಲ್ಲ. ಸಾಯಂಕಾಲ ತಾಯಂದಿರು ವಾಪಸ್ ಬಂದ್ಮೇಲೇನೇ ಅವಕ್ಕೆ ಹಾಲು. ಅಲ್ಲಿವರೆಗೂ ಕಲ್ಲು ಜೋಡಿಸಿ ಮಾಡಿದ ಒಂದು ಗಿಡ್ಡ ರೊಪ್ಪದೊಳಗೆ ಮ್ಯಾ ಮ್ಯಾ ಅಂತ ಒಂದರ ಮೇಲೊಂದು ಬೀಳ್ತಾ ಇರೋವು.

ನಿನ್ನೆ ಹನ್ನೆರಡು ಮರಿ ಇದ್ದವು. ಇವತ್ತು ಹನ್ನೊಂದು.

"ಅಲ್ಲಿ ನೋಡು," ಅಂದ್ಳು ಮಾಳವ್ವ. ದೂರದ ಬಂಡೆ ಮೇಲೆ ತೋಳ ಕೂತು ನಾಲಿಗೆ ಆಡಿಸ್ತಾ ಇತ್ತು.

ಕಳ್ಳಿಗೆ ಎಲೆಯೆಲ್ಲ ತಣ್ಣಗಾಯ್ತು. "ಅಕ್ಕಾ, ನಾನು ಹೊರಟೆ!"

"ಹೊರಡೋದಾ?" ಮಾಳವ್ವ ಕಣ್ಣು ಅಗಲ ಮಾಡಿದಳು. "ಕಂಬಳಿ ಮೇಲೆ ಕಾಲಿಟ್ಟಿದೀಯಲ್ಲೇ!"

"ಇಟ್ರೆ ಏನಾಯ್ತು?"

ಅಯ್ಯೋ, ಅವಳು ಪರದೇಶದೋಳು, ಅವಳಿಗೆ ಹೇಗೆ ಗೊತ್ತಿರುತ್ತೆ! ಆ ಕಾಲದ ಕುರಿ ಕಾಯೋರಲ್ಲಿ ಒಂದು ಪದ್ಧತಿ ಇತ್ತು. ಕಂಬಳಿ ಹಾಸಿದ್ರೆ ಅದು ಕರೆದ ಹಾಗೆ. ಅದರ ಮೇಲೆ ಕಾಲಿಟ್ರೆ ಬಂದ ಹಾಗೆ. ಬಂದವರು ಮನೆಯವರ ಕಷ್ಟಕ್ಕೆ ಹೆಗಲು ಕೊಡಬೇಕು, ಮನೆಯವರು ಬಂದವರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು. ಹೊರಡೋವಾಗ ಮನೆಯವರು ನಾಲ್ಕು ಮೂಲೆ ಹಿಡಿದು ಕಂಬಳಿ ಎತ್ತಿ ಕೊಡವಿ, "ಹೋಗಿ ಬನ್ನಿ" ಅನ್ನಬೇಕು. ಅಷ್ಟಾದ್ರೇನೇ ಹೊರಡೋದು. ಅದಕ್ಕೆ ಮುಂಚೆ ಇಳಿದು ಓಡಿದವರಿಗೆ ಆಮೇಲೆ ಯಾವ ನೆಲಾನೂ ಜಾಗ ಕೊಡ್ತಿರಲಿಲ್ಲ.

"ನನಗೆ ಜಾಗಾನೇ ಬೇಡ ಅಕ್ಕಾ," ಅಂದ್ಳು ಕಳ್ಳಿ. "ನಾನು ನಿಲ್ಲೋಳೇ ಅಲ್ಲ. ನಿಂತ್ರೆ ತಿಂತಾರೆ!"

ಅಷ್ಟರಲ್ಲಿ ಗಾಳಿ ಓಡೋಡಿ ಬಂತು, ಏದುಸಿರು ಬಿಡ್ತಾ.

"ಮಾಳವ್ವಾ! ಮಾಳವ್ವಾ! ಹೊಳೆ ಹೇಳಿ ಕಳಿಸಿದೆ! ಮೇಲೆ ಬೆಟ್ಟದಲ್ಲಿ ಮಳೆಯಂತೆ, ನೀರು ಏರ್ತಾ ಇದೆಯಂತೆ, 'ನಾನಿನ್ನೂ ಹೊಸಬಳು, ತಡ್ಕೊಳ್ಳೋಕೆ ಬರಲ್ಲ, ಬೇಗ ಬಂದು ಕುರಿ ದಾಟಿಸ್ಕೊಳ್ಳಿ' ಅಂತಿದೆ! ಕೆಂಚಪ್ಪ ಒಬ್ಬನೇ ಆಚೆ ದಡದಲ್ಲಿ ಕೂಗ್ತಾ ಇದಾನೆ, ಮುಂದಿನ ಕುರಿ ನೀರಿಗೆ ಇಳೀತಾನೇ ಇಲ್ಲ!"

ಮಾಳವ್ವ ಎದ್ದು ನಿಂತಳು. ಮತ್ತೆ ಕೂತಳು. ಮತ್ತೆ ಎದ್ದಳು. ಹೋಗದಿದ್ರೆ ತಾಯಿಕುರಿಗಳು ಆಚೆ ದಡದಲ್ಲೇ ಉಳಿದುಬಿಡ್ತಾವೆ, ಹೊಳೆ ಇಳಿಯೋಕೆ ಮೂರು ದಿನ ಆಗುತ್ತೆ, ಹಾಲಿಲ್ಲದೆ ಮರಿಗಳು ಸಾಯ್ತಾವೆ. ಹೋದ್ರೆ? ತೋಳ ಬಂಡೆಯಿಂದ ಇಳಿಯುತ್ತೆ!

"ತಂಗಿ," ಅಂದ್ಳು. "ಸಾಯಂಕಾಲದವರೆಗೂ, ಅಷ್ಟೇ. ಈ ಹನ್ನೊಂದರ ಸುತ್ತ ನಿಂತ್ಕೋ. ನಾನು ಬಂದು ನನ್ನ ಕೈಯಾರೆ ಕಂಬಳಿ ಕೊಡವ್ತೀನಿ. ಆಮೇಲೆ ನೀನು ಎಲ್ಲಿಗಾದ್ರೂ ಹೋಗು."

ಕಳ್ಳಿ ಹೂಂ ಅನ್ನಲಿಲ್ಲ. ಉಹೂಂ ಅಂತಾನೂ ಅನ್ನಲಿಲ್ಲ. ಆದ್ರೆ ಕಂಬಳಿಯಿಂದ ಇಳಿಯಲಿಲ್ಲ ನೋಡಿ, ಮಾಳವ್ವನಿಗೆ ಅಷ್ಟೇ ಸಾಕಾಯ್ತು.

ಈಗ ಇನ್ನೊಂದು ತೊಂದರೆ! ಕಂಬಳಿ ಇರೋದು ಇಷ್ಟೇ ಇಷ್ಟು. ಮರಿಗಳ ಸುತ್ತ ನಿಲ್ಲಬೇಕು ಅಂದ್ರೆ ಕಂಬಳಿ ಸುತ್ತ ಬರಬೇಕು. ಗಾಳಿ ಬೇರೆ "ಬೇಗ! ಬೇಗ!" ಅಂತ ಸೆರಗು ಎಳೀತಾ ಇದೆ. ಮಾಳವ್ವ ಯೋಚನೇನೇ ಮಾಡಲಿಲ್ಲ. ಕಂಬಳಿ ಅಂಚಿನ ಒಂದು ಎಳೆ ಹಿಡಿದಳು, ಸರ್ ಅಂತ ಎಳೆದಳು. ಸರ್, ಸರ್, ಸರ್! ಕಂಬಳಿ ಪೂರ್ತಿ ಬಿಚ್ಚಿಕೊಂಡು ಉಣ್ಣೆಯ ಗುಡ್ಡೆ ಆಯ್ತು. ಆ ಉಣ್ಣೇನ ರೊಪ್ಪದ ಸುತ್ತ ದುಂಡಗೆ ಹಾಸಿದಳು.

ಆ ಕಂಬಳಿ ಬಗ್ಗೆ ಒಂದು ಮಾತು ಹೇಳಲೇಬೇಕು. ಲೋಕ ಹೊಸದಾಗಿದ್ರೂ ಕಂಬಳಿ ಮಾತ್ರ ಅದು ಹೇಗೋ ಹಳೇದು! ಎಲ್ಲಾ ಕಡೆ ಹರಿದಿತ್ತು. ಕೆಂಚಪ್ಪ ದೂರದ ಜಾಲಿಮರದಿಂದ ಉದ್ದುದ್ದ ಮುಳ್ಳು ತಂದು, ಹರಿದಲ್ಲೆಲ್ಲ ಚುಚ್ಚಿ ಚುಚ್ಚಿ ಜೋಡಿಸಿದ್ದ. ಹೊಲಿಯೋಕೆ ಸೋಮಾರಿ, ಅದಕ್ಕೆ. ಈಗ ಆ ಮುಳ್ಳುಗಳೂ ಉಣ್ಣೆ ಜೊತೆ ನೆಲಕ್ಕೆ ಬಿದ್ದವು.

ಕಳ್ಳಿ ತನ್ನ ನಲವತ್ತು ಎಲೇನೂ ಬಿಚ್ಚಿ, ಮಕ್ಕಳು ಕೈ ಕೈ ಹಿಡಿದು ದುಂಡಗೆ ನಿಲ್ತಾರಲ್ಲ, ಹಾಗೆ ಉಣ್ಣೆ ಮೇಲೆ ನಿಂತಳು. ಮಾಳವ್ವ ಸೀರೆ ಎತ್ತಿ ಕಟ್ಟಿ ಹೊಳೆ ಕಡೆ ಓಡಿದಳು.

ಈಗ ಶುರುವಾಯ್ತು ನೋಡಿ ಕಳ್ಳಿಗೆ!

ಒಂದು ಎಲೆ ತುರಿಸ್ತು. ಇನ್ನೊಂದು ಎಲೆ ಜುಮ್ ಅಂತು. ಹುಟ್ಟಿದಾಗಿಂದ ನಿಂತೇ ಇರಲಿಲ್ಲವಲ್ಲ, ನಿಲ್ಲೋದು ಹೇಗೆ ಅಂತಾನೇ ಅವಳಿಗೆ ಗೊತ್ತಿಲ್ಲ! ಬಲಗಡೆಗೆ ವಾಲಿದಳು. ಎಡಗಡೆಗೆ ವಾಲಿದಳು. ಸಾಯಂಕಾಲ ಆಯ್ತಾ? ಇಲ್ಲ. ಈಗ? ಇಲ್ಲ. ಈಗ? ಸೂರ್ಯ ಅಲ್ಲೇ ಇದ್ದ, ಒಂದು ಬೆರಳಷ್ಟೂ ಜರುಗಿರಲಿಲ್ಲ.

ತೋಳ ಬಂಡೆಯಿಂದ ಇಳೀತು. ಅವಸರ ಇಲ್ಲ. ಬಾಲ ಆಡಿಸ್ಕೊಂಡು, ನೆಂಟರ ಮನೆಗೆ ಊಟಕ್ಕೆ ಬಂದ ಹಾಗೆ ಬಂತು.

"ಏನಮ್ಮಾ ಕಳ್ಳಿ, ನಿಂತುಬಿಟ್ಟಿದೀಯ? ಕಾಲು ಉಳುಕಿತಾ?"

"ನಾನು ಕಂಬಳಿ ಮೇಲಿದೀನಿ."

"ಎಲ್ಲಿದೆ ಕಂಬಳಿ? ನನಗೆ ಕಾಣ್ತಾ ಇರೋದು ಬರೀ ಕಸ." ತೋಳ ಹಲ್ಲು ಕಿಸೀತು. "ಊರೂರಲ್ಲೂ ನೀನೇ ಹೇಳ್ಕೊಂಡು ಬರ್ತಿದ್ದೆಯಲ್ಲ, ಏನದು? ನಿಂತ್ರೆ..."

"ತಿಂತಾರೆ," ಅಂದ್ಳು ಕಳ್ಳಿ, ಸಣ್ಣ ದನಿಯಲ್ಲಿ.

"ಹಾಂ!" ಅಂತು ತೋಳ. ಅಂದಿದ್ದೇ, ಕಚಕ್ ಅಂತ ಒಂದು ಎಲೆಗೆ ಬಾಯಿ ಹಾಕಿತು! ಆ ಕಾಲದಲ್ಲಿ ಗಿಡಗಳಿಗೂ ಕೆಂಪು ರಕ್ತ. ಎಲೆ ಮೇಲೆ ಕೆಂಪಗೆ ಇಳೀತು.

ಅಮ್ಮಾ! ಎಷ್ಟು ನೋವಾಯ್ತು ಅಂತೀರಿ! ಕಳ್ಳಿಯ ಉಳಿದ ಮೂವತ್ತೊಂಬತ್ತು ಎಲೆಗಳೂ ಒಟ್ಟಿಗೆ "ಓಡು" ಅಂದವು. ಒಂದು ಕಾಲು ಎತ್ತಿಯೂ ಬಿಟ್ಟಳು. ಎತ್ತಿದಲ್ಲಿ ಸಂದು ಆಯ್ತು. ತೋಳ ಆ ಸಂದನ್ನೇ ನೋಡ್ತಾ, ಮೆತ್ತಗೆ, ಸಕ್ಕರೆ ಥರ ಅಂತು, "ಹೋಗಮ್ಮಾ ಹೋಗು. ನಿನ್ನ ನೀರು ನನಗೇನಕ್ಕೆ? ನಿನ್ನ ಪಾಡಿಗೆ ನೀನು ಹೋಗು, ನನ್ನ ಪಾಡಿಗೆ ನಾನು."

ನಿಜ ತಾನೇ? ಯಾರ ಮರಿಗಳೋ ಏನೋ! ಅವಳೇನು ಹೆತ್ತಿದ್ದಾ? ದಾರೀಲಿ ಹೋಗೋಳು, ಕಾಲು ಸುಟ್ಟಿತು ಅಂತ ನಿಂತಿದ್ದಳಷ್ಟೆ!

ಅಷ್ಟರಲ್ಲಿ ರೊಪ್ಪದ ಕಲ್ಲುಗಳ ಸಂದೀಲಿ ನುಸುಳಿ ಒಂದು ಮರಿ ತಡವರಿಸ್ತಾ ಬಂತು. ಬಿಳೀದು, ಒಂದೇ ಕಿವಿ ಕಪ್ಪು. ಅದಕ್ಕೆ ತೋಳ ಅಂದ್ರೆ ಏನು ಗೊತ್ತು? ಹಸಿವು ಮಾತ್ರ ಗೊತ್ತು. ಬಂದು ಕಳ್ಳಿಯ ಎತ್ತಿದ ಕಾಲಿಗೆ ಮೂತಿ ಹಚ್ಚಿ ಚೀಪೋಕೆ ಶುರು ಮಾಡ್ತು, ಅಮ್ಮ ಅಂದ್ಕೊಂಡು. ಹಾಲು ಬರಲಿಲ್ಲ, ತಣ್ಣನೆ ನೀರು ಬಂತು. ಮರಿಗೆ ಅದೇ ಸಾಕಾಯ್ತು, ಬಾಲ ಪಟಪಟ ಅಲ್ಲಾಡಿಸಿತು.

ಕಳ್ಳಿ ಸುಮ್ಮನೆ ನೋಡಿದಳು. ಆಮೆ ಕಚ್ಚಿತ್ತು, ಎತ್ತು ಕಚ್ಚಿತ್ತು, ಮೇಕೆಗಳು ಎಷ್ಟು ಸಲ ಕಚ್ಚಿದ್ವೋ. ಯಾರೂ ಕಣ್ಣು ಮುಚ್ಚಿ, ನಂಬಿ, ಹೀಗೆ ಒರಗಿರಲಿಲ್ಲ.

ಎತ್ತಿದ ಕಾಲು ಕೆಳಗಿಟ್ಟಳು. ಮರಿ ಒಳಗೆ, ತೋಳ ಹೊರಗೆ.

"ತಿನ್ನು," ಅಂದ್ಳು ತೋಳಕ್ಕೆ. "ನಲವತ್ತು ಎಲೆ ಇವೆ. ಒಂದೊಂದಾಗಿ ತಿನ್ನು. ನೀನು ತಿಂದು ಮುಗಿಸೋಷ್ಟರಲ್ಲಿ ಮಾಳವ್ವಕ್ಕ ಬರ್ತಾಳೆ."

ಹಾಗಂತ ಹೇಳಿ ಕಾಲು ಗಟ್ಟಿಯಾಗಿ ಊರಿದಳು. ಊರಿದ್ದೇ ಊರಿದ್ದು, ಅವಳ ಪಾದದಿಂದ ಏನೋ ಸುಳುಸುಳು ಅಂತ ನೆಲಕ್ಕೆ ಇಳೀತು. ಬೇರು! ಹುಟ್ಟಿದಾಗಿಂದ ಕಾಯ್ತಾ ಇದ್ದ ಬೇರು! ಆ ಬೇರು ಕೆಳಗಿನ ತೇವ ಹೀರಿತು, ನೀರಿನ ಜೊತೆ ಕಾಲಡಿಯ ಉಣ್ಣೇನೂ ಹೀರಿತು, ಉಣ್ಣೆ ಜೊತೆ ಕೆಂಚಪ್ಪನ ಜಾಲಿಮುಳ್ಳನ್ನೂ ಎಳ್ಕೊಂಡಿತು! ಎಲ್ಲಾ ಸೇರಿ ಎಲೆಯೊಳಗೆ ಮೇಲೆ ಮೇಲೆ ಏರಿ, ಚುಕ್ ಚುಕ್ ಚುಕ್, ಎಲೆ ಮೇಲೆಲ್ಲ ಹೊರಗೆ ಬಂದವು. ಒಂದೊಂದು ಚುಕ್ಕೇಲೂ ಉದ್ದ ಮುಳ್ಳು. ಮುಳ್ಳಿನ ಬುಡದಲ್ಲಿ ಒಂದು ಚಿಟಿಕೆ ಕಂಬಳಿ ಉಣ್ಣೆ.

ತೋಳ ಇದೇನೂ ನೋಡಲಿಲ್ಲ. ಕಣ್ಣು ಮರಿಗಳ ಮೇಲೇ ಇತ್ತಲ್ಲ. ಎರಡನೇ ಸಲ ಬಾಯಿ ಹಾಕಿತು.

"ಕುಂಯ್ಯೋ!"

ಉದ್ದ ಮುಳ್ಳನ್ನ ಹೇಗೋ ಕಿತ್ಕೊಂಡಿತು. ಆದ್ರೆ ಆ ಉಣ್ಣೆ ಇದೆಯಲ್ಲ, ಹಳೇ ಕಂಬಳಿ ಉಣ್ಣೆ, ಕೂದಲಿಗಿಂತ ಸಣ್ಣ, ಕಣ್ಣಿಗೇ ಕಾಣಲ್ಲ, ಅದು ಮೂತಿಗೆ, ತುಟಿಗೆ, ನಾಲಿಗೆಗೆಲ್ಲ ಹತ್ಕೊಂಡುಬಿಡ್ತು. ಉಜ್ಜಿದಷ್ಟೂ ಒಳಗೆ, ಕೆರೆದಷ್ಟೂ ಉರಿ! ತೋಳ ಮಣ್ಣಲ್ಲಿ ಮೂತಿ ತಿಕ್ಕಿತು, ಬಂಡೆಗೆ ತಿಕ್ಕಿತು, ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಆಮೇಲೆ ಹೋಯ್ತು ನೋಡಿ, ಹೋದ ದಿಕ್ಕಿಗೆ ಧೂಳು ಎದ್ದಿದ್ದು ಸಾಯಂಕಾಲದವರೆಗೂ ಇಳೀಲಿಲ್ಲ!

ಮರಿಗಳು ಇದೇನು ಗಲಾಟೆ ಅಂತ ಬಂದು, ಕಳ್ಳಿ ಎಲೆಗಳ ಅಂಚಿನ ಮೇಲೆ ಮೂತಿ ಇಟ್ಟು ಸಾಲಾಗಿ ಇಣುಕಿದವು. ಕಳ್ಳಿ ಹೆದರಿ, "ಹುಷಾರು ಮಕ್ಕಳೇ!" ಅಂತ ಒಳಗಿನ ಕಡೆ ಮುಳ್ಳನ್ನೆಲ್ಲ ಉಸಿರು ಕಟ್ಟಿ ಒಳಗೆ ಎಳ್ಕೊಂಡಳು.

ಸೂರ್ಯ ಕೆಂಪಗಾಗೋ ಹೊತ್ತಿಗೆ ಮಾಳವ್ವ, ಕೆಂಚಪ್ಪ ಬಂದ್ರು. ಇಬ್ರೂ ತಲೆಯಿಂದ ಕಾಲಿನವರೆಗೆ ಒದ್ದೆ. ಹಿಂದೆ ಎಪ್ಪತ್ತು ಕುರಿ. ಒಂದೂ ಹೊಳೆ ಪಾಲಾಗಿರಲಿಲ್ಲ. ಮಾಳವ್ವ ದೂರದಿಂದಲೇ ಎಣಿಸೋಕೆ ಶುರು ಮಾಡಿದಳು. "ಒಂದು, ಎರಡು, ಮೂರು... ಅಯ್ಯೋ ನಿಲ್ಲೇ, ಅಲ್ಲಾಡಬೇಡ... ಹತ್ತು... ಹನ್ನೊಂದು!"

ಹನ್ನೊಂದು! ಮಾಳವ್ವ ಅಲ್ಲೇ ಕೂತು ಅತ್ತುಬಿಟ್ಟಳು. ತಾಯಿಕುರಿಗಳು ಕೂಗೋದೇನು, ಮರಿಗಳು ಕೂಗೋದೇನು, ಹಾಲು ಕುಡಿಯೋ ಗಡಿಬಿಡಿಯೇನು!

ಆಮೇಲೆ ಮಾಳವ್ವ ಕಳ್ಳಿಯ ಗಾಯ ನೋಡಿದಳು. ಬೆಳ್ಳನೆ ಕುರಿಯ ಉಣ್ಣೆ ಕಿತ್ತು, ಮೆತ್ತಗೆ ಗಾಯದ ಮೇಲಿಟ್ಟಳು. ಉಣ್ಣೆ ಅಲ್ಲೇ ಅಂಟಿಕೊಂಡಿತು. ಮೇಲೆ ಬಿಳಿ, ಒಳಗೆ ಕೆಂಪು.

"ಸರಿ ತಂಗಿ, ಮಾತು ಅಂದ್ರೆ ಮಾತು," ಅಂತ ಎದ್ದಳು. "ಇವ್ರೇ, ಬನ್ನಿ, ಆ ಕಡೆ ಮೂಲೆ ಹಿಡೀರಿ. ಕಂಬಳಿ ಕೊಡವಿ ಕಳಿಸಿಬಿಡೋಣ."

ಕೆಂಚಪ್ಪ ಬಗ್ಗಿ ನೋಡಿದ. ಆ ಕಡೆ ಹೋಗಿ ನೋಡಿದ. ಪೂರ್ತಿ ಒಂದು ಸುತ್ತು ಬಂದ.

"ಮೂಲೆ ಎಲ್ಲೇ ಮಾಳಿ?"

"ಅಲ್ಲೇ ಇರುತ್ತಲ್ಲ, ಸರಿಯಾಗಿ ನೋಡಿ!"

"ದುಂಡಗೆ ಹಾಸಿದೀಯಲ್ಲೇ ಮಾರಾಯ್ತಿ! ದುಂಡಗಿರೋದಕ್ಕೆ ಎಲ್ಲಿಂದ ತರಲಿ ನಾಲ್ಕು ಮೂಲೆ?"

ಮಾಳವ್ವಾನೂ ಒಂದು ಸುತ್ತು ಬಂದಳು. ಮೂಲೆ ಇಲ್ಲ! ಮೂಲೆ ಇಲ್ಲದೆ ಎತ್ತೋದು ಹೇಗೆ? ಎತ್ತದೆ ಕೊಡವೋದು ಹೇಗೆ? ಕೊಡವದೆ "ಹೋಗಿ ಬಾ" ಅನ್ನೋದು ಹೇಗೆ? ಉಣ್ಣೆ ಅಂತೂ ಅರ್ಧ ಕಳ್ಳಿಯ ಮೈಯೊಳಗೇ ಹೋಗಿದೆ!

"ತಂಗಿ," ಅಂದ್ಳು, ಮುಖ ಮುಚ್ಕೊಂಡು. "ಅವಸರದಲ್ಲಿ ನಿನ್ನ ಕಟ್ಟಿಹಾಕಿಬಿಟ್ಟೆ ಕಣೇ. ನಿನಗೆ ಇಲ್ಲಿಂದ ಬಿಡುಗಡೇನೇ ಇಲ್ಲ."

ಕಳ್ಳಿ ಒಂದು ಕಾಲು ಎಳೆದು ನೋಡಿದಳು. ಬರಲಿಲ್ಲ. ಇನ್ನೊಂದು ಎಳೆದಳು. ಬರಲಿಲ್ಲ. ಎದುರಿಗೆ ಎಷ್ಟು ದಾರಿ ಇತ್ತು! ಇನ್ನೂ ನೋಡದ ಗುಡ್ಡ, ಇನ್ನೂ ದಾಟದ ಹಳ್ಳ! ಮೈಯೆಲ್ಲ ಹೊರಡು ಹೊರಡು ಅಂತ ತುಡೀತಾ ಇದೆ, ಕಾಲು ಮಾತ್ರ ಬರ್ತಿಲ್ಲ. ತಡ್ಕೊಳ್ಳೋಕಾಗದೆ ಆ ತುಡಿತ ಎಲ್ಲಾ ತಲೆಗೆ ಏರಿ, ಬೆಳಗಾಗೋಷ್ಟರಲ್ಲಿ ತುತ್ತತುದೀಲಿ ಒಂದು ಹೊಸ ಎಲೆ ಚಿಗುರಿತು. ಪುಟ್ಟದು, ತಿಳಿ ಹಸಿರು.

ಬೆಳಿಗ್ಗೆ ಮಾಳವ್ವ ಗಂಟುಮೂಟೆ ಕಟ್ತಾ ಇದ್ದಳು. ಆ ಕಡೆ ಹುಲ್ಲು ಮುಗಿದಿತ್ತು. ಮೇವು ಇರೋ ಕಡೆ ಹೋಗಲೇಬೇಕಲ್ಲ.

"ಅಕ್ಕಾ! ಅಕ್ಕಾ!" ಕಳ್ಳಿ ಕೂಗಿದ ಜೋರಿಗೆ ಕುರಿಗಳೆಲ್ಲ ತಿರುಗಿ ನೋಡಿದವು. "ಈ ಎಲೆ ನೋಡು! ಇದು ಕಂಬಳಿ ಮುಟ್ಟೇ ಇಲ್ಲ!"

"ಹೂಂ, ಮುಟ್ಟಿಲ್ಲ. ಅದಕ್ಕೇನೀಗ?"

"ಮುಟ್ಟಿಲ್ಲ ಅಂದ್ಮೇಲೆ ಇದು ಮಾತು ಕೊಟ್ಟಿಲ್ಲ. ಮಾತು ಕೊಡದವರು ಹೊರಡಬಹುದು ತಾನೇ? ಮುರಿ ಅಕ್ಕಾ! ನಾನು ಇಲ್ಲೇ ಇರ್ತೀನಿ, ನಾನೇ ಹೊರಡ್ತೀನಿ!"

ಕೆಂಚಪ್ಪ ತಲೆ ಕೆರ್ಕೊಂಡ. "ಏ ಮಾಳಿ, ಇದು ನ್ಯಾಯ ಏನೇ?"

"ನ್ಯಾಯಾನೇ!" ಅಂದ್ಳು ಮಾಳವ್ವ, ನಗ್ತಾ. ಅವಳಿಗೆ ನಿನ್ನೆಯಿಂದ ಆಗಲೇ ಮೊದಲ ಸಲ ನಗು ಬಂದಿದ್ದು. ಸೆರಗು ಸುತ್ಕೊಂಡ ಕೈಯಿಂದ ಆ ಎಲೆ ಮುರಿದು, ಕತ್ತೆ ಮೇಲಿನ ಹೇರಿನಲ್ಲಿ ಇಟ್ಕೊಂಡಳು. ಮುಂದಿನ ಬಯಲಲ್ಲಿ ನೆಲಕ್ಕೆ ಹಾಕಿದಳು, ಅಷ್ಟೇ, ನೀರು ಕೂಡ ಹಾಕಲಿಲ್ಲ. ಎಂಟು ದಿನಕ್ಕೆ ಬೇರು! ಅಲ್ಲಿಂದ ಇನ್ನೊಬ್ಬ ಕುರಿಯವನು ಒಂದು ಎಲೆ ಒಯ್ದ, ಅವನಿಂದ ಇನ್ನೊಬ್ಬ. ಗಾಳಿ ಒಂದನ್ನ ಉರುಳಿಸ್ತು, ಹೊಳೆ ಒಂದನ್ನ ತೇಲಿಸ್ತು, ಸಮುದ್ರ ಆಳ ಆದ್ಮೇಲೆ ಹಡಗಿನವರು ಒಂದನ್ನ ಮತ್ತೆ ಆಚೆ ದಾಟಿಸಿದ್ರು. ಬಿಸಿಲು, ಕಲ್ಲು, ಒಣನೆಲ ಇರೋ ಊರುಗಳಿಗೆಲ್ಲ ಕಳ್ಳಿ ಹೋದಳು, ಹೋಗಿ ಅಲ್ಲೆಲ್ಲ ನಿಂತಳು.

ಮಾರನೇ ಬೇಸಿಗೆಗೆ ಮಾಳವ್ವ ಆ ಹಳೇ ರೊಪ್ಪಕ್ಕೆ ಬಂದು ನೋಡ್ತಾಳೆ, ಮರಿಗಳು ಮೂತಿ ಇಟ್ಟು ಇಣುಕಿದ್ದ ಅಂಚಿನಲ್ಲೆಲ್ಲ ಒಂದೊಂದು ಹಳದಿ ಹೂ! ಹೂ ಉದುರಿ ಸಾಲಾಗಿ ಕೆಂಪು ಹಣ್ಣು! ಇವತ್ತಿಗೂ ಹಣ್ಣು ಬಿಡೋದು ಎಲೆ ಅಂಚಿನ ಮೇಲೇನೇ. ತಿಂದ್ರೆ ನಾಲಿಗೆ, ತುಟಿ, ಅಂಗಿ ಎಲ್ಲಾ ಕೆಂಪು! ಆದ್ರೆ ಬರಿಗೈಯಲ್ಲಿ ಮುಟ್ಟೀರಿ ಹುಷಾರು, ಹಣ್ಣಿನ ಮೇಲೂ ಕಂಬಳಿ ಉಣ್ಣೆ ಇರುತ್ತೆ. ಕೋಲಿಂದ ಬೀಳಿಸಿ, ಮಣ್ಣಲ್ಲಿ ಚೆನ್ನಾಗಿ ಹೊರಳಿಸಿ ಉಜ್ಜಿ, ಆಮೇಲೆ ತಿನ್ನಬೇಕು. ಮೇವಿಲ್ಲದ ವರ್ಷ ಜನ ಎಲೆ ಮುಳ್ಳನ್ನ ಬೆಂಕೀಲಿ ಸುಟ್ಟು ದನಕ್ಕೆ ಹಾಕ್ತಾರೆ, ಆಗ ಕಳ್ಳಿ ಬೇಡ ಅನ್ನಲ್ಲ. ಹೊಲದ ಸುತ್ತ ನೆಟ್ರೆ ಒಂದು ಹಂದೀನೂ ಒಳಗೆ ಬರಲ್ಲ. ಕೆಲವು ಎಲೆ ಮೇಲೆ ಬೆಳ್ಳಗೆ ಹತ್ತಿ ಥರ ಅಂಟಿರುತ್ತಲ್ಲ, ಅದರೊಳಗೆ ಪುಟಾಣಿ ಹುಳ ಮನೆ ಮಾಡ್ಕೊಂಡಿರ್ತಾವೆ. ಒಂದನ್ನ ಬೆರಳಲ್ಲಿ ಒತ್ತಿ ನೋಡಿ, ಬೆರಳು ಕೆಂಪೇ ಕೆಂಪು! ಆ ಕೆಂಪಲ್ಲಿ ಜನ ಬಟ್ಟೆಗೆ ಬಣ್ಣ ಹಾಕ್ತಾರೆ.

ಇನ್ನು ನಾಳೆ ನೀವು ಬಯಲ ದಾರೀಲಿ ಹೋಗೋವಾಗ, ಬೇಲಿಯಿಂದ ಮುರಿದು ಬಿದ್ದ ಒಂದು ಕಳ್ಳಿ ಎಲೆ ಧೂಳಲ್ಲಿ ಕಾಣಿಸುತ್ತೆ. ಒಣಗಿ ಸತ್ತಿದೆ ಅಂದ್ಕೋತೀರಿ. ಎಂಟು ದಿನ ಬಿಟ್ಟು ಬಂದು ನೋಡಿ, ಅದು ಕೆಳಗೆ ಬೇರು ಬಿಟ್ಟು ಗಟ್ಟಿಯಾಗಿ ನಿಂತಿರುತ್ತೆ, ಮೇಲೆ ಒಂದು ಪುಟ್ಟ ತಿಳಿಹಸಿರು ಎಲೆ, ಹೊರಡೋಕೆ ಎತ್ತಿದ ಕಾಲಿನ ಹಾಗೆ, ಆಗಲೇ ದಾರಿ ಕಡೆಗೆ ಚಾಚಿಕೊಂಡಿರುತ್ತೆ.